ಮಕ್ಕಳ ವ್ಯಾಸಂಗ ವೆಚ್ಚ ಮತ್ತು ಆದಾಯ ತೆರಿಗೆ: ರಿಯಾಯಿತಿಯ ನಿಜವಾದ ಬೆಲೆ



ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಎಂತಹ ಕಷ್ಟವನ್ನಾದರೂ ಸಹಿಸುವುದು ಭಾರತೀಯ ಕುಟುಂಬಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಹೊಲ ಮಾರಿ ಮಗನನ್ನು ಓದಿಸಿದವರು, ಒಡವೆ ಒತ್ತೆಯಿಟ್ಟು ಮಗಳನ್ನು ಕಾಲೇಜಿಗೆ ಸೇರಿಸಿದವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಉದ್ಯೋಗ ನಿಮಿತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಮನೆ ಬಾಡಿಗೆಯ ಹೊರೆಯ ಜೊತೆಗೆ ಕಾಲೇಜಿನ ವೆಚ್ಚವೂ ಬಂದು ಸೇರಿದಾಗ ಸಂಸಾರದ ಲೆಕ್ಕ ಬಿಗಿಯಾಗುವುದು ಸಹಜ.

ಇಂತಹ ಸಮಯದಲ್ಲಿ "ಸಾಲ ತೆಗೆದುಕೊಳ್ಳಿ, ತೆರಿಗೆಯಲ್ಲಿ ಉಳಿತಾಯವಾಗುತ್ತದೆ" ಎಂಬ ಮಾತು ಕಿವಿಗೆ ಹಿತವಾಗಿ ಕೇಳಿಸುತ್ತದೆ. ಆ ಮಾತು ಕೆಲವರ ಪಾಲಿಗೆ ನಿಜ, ಕೆಲವರ ಪಾಲಿಗೆ ಅರ್ಧ ನಿಜ, ಮತ್ತೆ ಕೆಲವರ ಪಾಲಿಗೆ ಪೂರ್ಣವಾಗಿ ಸುಳ್ಳು. ಬಾರದ ಉಳಿತಾಯವನ್ನು ನಂಬಿ ಶಕ್ತಿಮೀರಿ ಸಾಲ ಮಾಡಿದ ಕುಟುಂಬವು ಹತ್ತು ಹನ್ನೆರಡು ವರ್ಷ ಅದರ ಭಾರ ಹೊರಬೇಕಾಗುತ್ತದೆ. ಆದುದರಿಂದ ಶಿಕ್ಷಣ ವೆಚ್ಚಕ್ಕೆ ಸಂಬಂಧಿಸಿದ ತೆರಿಗೆ ರಿಯಾಯಿತಿಗಳು ಯಾವುವು, ಅವು ಯಾರಿಗೆ ದೊರೆಯುತ್ತವೆ, ದೊರೆತರೂ ಅವುಗಳ ನಿಜವಾದ ಬೆಲೆ ಎಷ್ಟು ಎಂಬುದನ್ನು ಸಾಲಪತ್ರಕ್ಕೆ ಸಹಿ ಹಾಕುವ ಮೊದಲೇ ತಿಳಿದುಕೊಳ್ಳುವುದು ಅವಶ್ಯಕ.

ಮೊದಲನೆಯದಾಗಿ, ರಿಯಾಯಿತಿ ಎಂಬ ಪದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಾಲೇಜಿಗೆ ಕಟ್ಟಿದ ಹಣವನ್ನು ಸರ್ಕಾರವು ಹಿಂದಿರುಗಿಸುತ್ತದೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ನಡೆಯುವುದು ಬೇರೆ. ಕಾನೂನು ಒಪ್ಪಿದ ವೆಚ್ಚವನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಲಾಗುತ್ತದೆ. ಹಾಗೆ ಕಳೆದ ಮೊತ್ತದ ಮೇಲೆ ತೆರಿಗೆ ಬೀಳುವುದಿಲ್ಲ. ಇದನ್ನೇ ಕಡಿತ ಎನ್ನುತ್ತಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇಕಡ 20ರ ದರದಲ್ಲಿ ತೆರಿಗೆ ಕೊಡುವವರು 10,000 ರೂಪಾಯಿ ಕಡಿತ ಪಡೆದರೆ, ಶೇಕಡ 4ರ ಉಪಕರವೂ ಸೇರಿ ಅವರಿಗೆ ಉಳಿಯುವುದು 2,080 ರೂಪಾಯಿ ಮಾತ್ರ. ಉಳಿದ 7,920 ರೂಪಾಯಿ ಕುಟುಂಬದ ಜೇಬಿನಿಂದಲೇ ಹೋಗುತ್ತದೆ. ತೆರಿಗೆಯನ್ನೇ ಕೊಡಬೇಕಾಗಿಲ್ಲದವರಿಗೆ ಇದರಿಂದ ಉಳಿಯುವುದು ಸೊನ್ನೆ.

ಎರಡನೆಯದಾಗಿ ಬೋಧನಾ ಶುಲ್ಕದ ವಿಷಯ. 1961ನೆಯ ಆದಾಯ ತೆರಿಗೆ ಅಧಿನಿಯಮದ 80ಸಿ ಪ್ರಕರಣದ ಮೇರೆಗೆ, ತಂದೆ ಅಥವಾ ತಾಯಿ ತಮ್ಮ ಯಾವುದೇ ಇಬ್ಬರು ಮಕ್ಕಳ ಪೂರ್ಣಾವಧಿ ವ್ಯಾಸಂಗಕ್ಕಾಗಿ ಕಟ್ಟಿದ ಬೋಧನಾ ಶುಲ್ಕವನ್ನು ಆದಾಯದಿಂದ ಕಳೆಯಬಹುದು. ಶಾಲೆ, ಕಾಲೇಜು ಅಥವಾ ವಿಶ್ವವಿದ್ಯಾನಿಲಯವು ಭಾರತದೊಳಗೆ ಇರಬೇಕೆಂಬುದು ನಿಬಂಧನೆ. ಅದು ಯಾವ ರಾಜ್ಯದಲ್ಲಿದೆ ಎಂಬುದು ಮುಖ್ಯವಲ್ಲ. ಮುಂಬಯಿಯಲ್ಲಿರುವ ತಂದೆ ಮಗಳನ್ನು ಮಣಿಪಾಲದಲ್ಲಿಯೋ ಮೈಸೂರಿನಲ್ಲಿಯೋ ಓದಿಸಿದರೂ ನಿಯಮ ಒಂದೇ. ವಿದೇಶದ ಕಾಲೇಜಿಗೆ ಕಟ್ಟಿದ ಶುಲ್ಕಕ್ಕೆ ಈ ಕಡಿತ ಸಲ್ಲುವುದಿಲ್ಲ. ತೆರಿಗೆದಾರರು ತಮ್ಮ ಸ್ವಂತ ವ್ಯಾಸಂಗಕ್ಕೆ ಅಥವಾ ಪತಿ-ಪತ್ನಿಯರ ವ್ಯಾಸಂಗಕ್ಕೆ ಕಟ್ಟಿದ ಶುಲ್ಕಕ್ಕೂ ಸಲ್ಲುವುದಿಲ್ಲ.

ಇಲ್ಲಿ ಬೋಧನಾ ಶುಲ್ಕವೆಂದರೆ ಬೋಧನೆಗಾಗಿ ಪಡೆದ ಶುಲ್ಕ ಮಾತ್ರ. ಅಭಿವೃದ್ಧಿ ಶುಲ್ಕ, ದೇಣಿಗೆ ಮತ್ತು ಅದೇ ಸ್ವರೂಪದ ಪಾವತಿಗಳನ್ನು ಅಧಿನಿಯಮವು ಸ್ಪಷ್ಟವಾಗಿ ಹೊರಗಿಟ್ಟಿದೆ. ವಸತಿನಿಲಯದ ಬಾಡಿಗೆ, ಊಟದ ವೆಚ್ಚ, ಬಸ್ಸಿನ ಶುಲ್ಕ, ಪುಸ್ತಕ, ಸಮವಸ್ತ್ರ ಇವು ಬೋಧನಾ ಶುಲ್ಕದ ವ್ಯಾಪ್ತಿಗೆ ಬರುವುದಿಲ್ಲ. ಕಾಲೇಜು ಎಲ್ಲವನ್ನೂ ಒಟ್ಟುಗೂಡಿಸಿ ಒಂದೇ ಮೊತ್ತಕ್ಕೆ ರಸೀದಿ ಕೊಟ್ಟಿದ್ದರೆ, ಬೋಧನಾ ಶುಲ್ಕವನ್ನು ಪ್ರತ್ಯೇಕವಾಗಿ ತೋರಿಸುವ ರಸೀದಿಯನ್ನು ಕೇಳಿ ಪಡೆಯುವುದು ಒಳ್ಳೆಯದು.

ಬಹುಪಾಲು ನೌಕರರ ಗಮನಕ್ಕೆ ಬಾರದ ಸಂಗತಿಯೊಂದಿದೆ. 80ಸಿ ಪ್ರಕರಣದ ವಾರ್ಷಿಕ ಮಿತಿ 1,50,000 ರೂಪಾಯಿ. ಈ ಮಿತಿ 2014-15ನೆಯ ಹಣಕಾಸು ವರ್ಷದಿಂದ ಜಾರಿಯಲ್ಲಿದೆ. ಈ ಮೊತ್ತ ಬೋಧನಾ ಶುಲ್ಕವೊಂದಕ್ಕೇ ಮೀಸಲಲ್ಲ. ಭವಿಷ್ಯ ನಿಧಿಯ ವಂತಿಗೆ, ಜೀವವಿಮೆಯ ಕಂತು, ಗೃಹಸಾಲದ ಅಸಲಿನ ಮರುಪಾವತಿ ಇವೆಲ್ಲವೂ ಇದೇ ಮಿತಿಯೊಳಗೆ ಬರುತ್ತವೆ. ಭವಿಷ್ಯ ನಿಧಿಗೆ ವರ್ಷಕ್ಕೆ 96,000 ರೂಪಾಯಿಯನ್ನೂ ಜೀವವಿಮೆಗೆ 24,000 ರೂಪಾಯಿಯನ್ನೂ ಕಟ್ಟುವ ನೌಕರರೊಬ್ಬರು 1,20,000 ರೂಪಾಯಿ ಬೋಧನಾ ಶುಲ್ಕ ಕಟ್ಟಿದರು ಎಂದು ಭಾವಿಸೋಣ. ಮಿತಿಯಲ್ಲಿ ಉಳಿದಿರುವುದು 30,000 ರೂಪಾಯಿ. ಶುಲ್ಕದ ಉಳಿದ 90,000 ರೂಪಾಯಿಗೆ ಕಡಿತವಿಲ್ಲ. ಪತಿ-ಪತ್ನಿ ಇಬ್ಬರೂ ತೆರಿಗೆದಾರರಾಗಿದ್ದಲ್ಲಿ, ಯಾರ ಮಿತಿಯಲ್ಲಿ ಅವಕಾಶವಿದೆಯೋ ಅವರು ಶುಲ್ಕವನ್ನು ತಮ್ಮ ಖಾತೆಯಿಂದ ಕಟ್ಟುವುದು ಲಾಭದಾಯಕ. ಒಂದೇ ಶುಲ್ಕವನ್ನು ಇಬ್ಬರೂ ತೋರಿಸುವಂತಿಲ್ಲ. ಇಬ್ಬರೂ ಸೇರಿ ಕಟ್ಟಿದ್ದರೆ ಅವರವರು ಕಟ್ಟಿದ ಭಾಗವನ್ನು ಅವರವರು ತೋರಿಸಬಹುದು.

ಮೂರನೆಯದಾಗಿ ಶಿಕ್ಷಣ ಸಾಲದ ಬಡ್ಡಿ. ಇದಕ್ಕೆ ಸಂಬಂಧಿಸಿದ್ದು 80ಇ ಪ್ರಕರಣ. ಹಿಂದೆ ಇದು ವಿದ್ಯಾರ್ಥಿಯೇ ತನ್ನ ವ್ಯಾಸಂಗಕ್ಕಾಗಿ ಮಾಡಿದ ಸಾಲಕ್ಕೆ, ಅದೂ ಒಂದು ಗರಿಷ್ಠ ಮಿತಿಗೆ ಒಳಪಟ್ಟು ಅನ್ವಯಿಸುತ್ತಿತ್ತು. 2005ರ ತಿದ್ದುಪಡಿಯಿಂದ ಬಡ್ಡಿಯ ಮೇಲಿನ ಮಿತಿ ತೆಗೆದುಹೋಯಿತು. ಆದರೆ ಅಸಲಿನ ಮೇಲಿನ ಕಡಿತವೂ ನಿಂತಿತು. 2007ರಲ್ಲಿ ಪತಿ, ಪತ್ನಿ ಹಾಗೂ ಮಕ್ಕಳ ವ್ಯಾಸಂಗಕ್ಕಾಗಿ ಮಾಡಿದ ಸಾಲವೂ ಸೇರಿತು. 2009ರಲ್ಲಿ ಉನ್ನತ ವ್ಯಾಸಂಗದ ಅರ್ಥವನ್ನು ವಿಸ್ತರಿಸಿ, ಪದವಿಪೂರ್ವ ಅಥವಾ ತತ್ಸಮಾನ ಪರೀಕ್ಷೆಯ ನಂತರದ ಎಲ್ಲ ವ್ಯಾಸಂಗಗಳನ್ನೂ, ವೃತ್ತಿ ಶಿಕ್ಷಣವೂ ಸೇರಿದಂತೆ, ಒಳಪಡಿಸಲಾಯಿತು. ಬೋಧನಾ ಶುಲ್ಕದ ಕಡಿತಕ್ಕೆ ಇರುವಂತೆ ಇಲ್ಲಿ ವ್ಯಾಸಂಗವು ಭಾರತದಲ್ಲಿಯೇ ನಡೆಯಬೇಕೆಂಬ ನಿಬಂಧನೆ ಇಲ್ಲ.

ಈ ಪ್ರಕರಣದಲ್ಲಿ ಸಾಲ ಕೊಟ್ಟವರು ಯಾರು ಎಂಬುದು ಮುಖ್ಯ. ಬ್ಯಾಂಕು, ಸರ್ಕಾರವು ಅಧಿಸೂಚಿಸಿದ ಹಣಕಾಸು ಸಂಸ್ಥೆ ಅಥವಾ ಅನುಮೋದಿತ ಧರ್ಮಾರ್ಥ ಸಂಸ್ಥೆ ಸಾಲ ಕೊಟ್ಟಿರಬೇಕು. ಬಂಧುಗಳಿಂದ, ಸ್ನೇಹಿತರಿಂದ, ಲೇವಾದೇವಿಗಾರರಿಂದ ಅಥವಾ ಕೆಲಸ ಕೊಟ್ಟ ಮಾಲೀಕರಿಂದ ಪಡೆದ ಸಾಲದ ಬಡ್ಡಿಗೆ ಕಡಿತವಿಲ್ಲ. ಬ್ಯಾಂಕೇತರ ಸಂಸ್ಥೆಯಿಂದ ಸಾಲ ಪಡೆಯುವವರು ಅದು ಅಧಿಸೂಚಿತವೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಸಾಲಪತ್ರದಲ್ಲಿ ಉನ್ನತ ವ್ಯಾಸಂಗದ ಉದ್ದೇಶ ನಮೂದಾಗಿರುವುದೂ ಅಗತ್ಯ.

ಯಾರಿಗಾಗಿ ಸಾಲ ಎಂಬುದೂ ಅಷ್ಟೇ ಮುಖ್ಯ. ತೆರಿಗೆದಾರರು ಸ್ವತಃ, ಅವರ ಪತಿ ಅಥವಾ ಪತ್ನಿ, ಅವರ ಮಕ್ಕಳು, ಇಲ್ಲವೇ ಅವರು ಕಾನೂನು ರೀತ್ಯಾ ಪೋಷಕರಾಗಿರುವ ವಿದ್ಯಾರ್ಥಿ ಇಷ್ಟು ಮಂದಿಯ ವ್ಯಾಸಂಗಕ್ಕೆ ಮಾತ್ರ ಕಡಿತ ದೊರೆಯುತ್ತದೆ. ಅಕ್ಕನ ಮಗನನ್ನು ನಗರಕ್ಕೆ ಕರೆತಂದು ಸ್ವಂತ ಮಗನಂತೆ ಓದಿಸುವ ಸೋದರಮಾವಂದಿರು ಕನ್ನಡಿಗರಲ್ಲಿ ಬಹಳ ಮಂದಿ. ಕಾನೂನಿನ ಪ್ರಕಾರ ಪೋಷಕರಾಗಿ ನೇಮಕಗೊಳ್ಳದ ಹೊರತು ಅಂತಹವರು ಕಟ್ಟಿದ ಬಡ್ಡಿಗೆ ಕಡಿತ ಸಿಗುವುದಿಲ್ಲ. ತಮ್ಮ ಅಥವಾ ತಂಗಿಯನ್ನು ಓದಿಸುವ ಅಣ್ಣನ ಸ್ಥಿತಿಯೂ ಇದೇ.

ಕಡಿತ ದೊರೆಯುವುದು ಸಾಲ ಪಡೆದವರಿಗೆ, ಅವರು ತೆರಿಗೆಗೆ ಒಳಪಡುವ ತಮ್ಮ ಆದಾಯದಿಂದ ಬಡ್ಡಿಯನ್ನು ವಾಸ್ತವವಾಗಿ ಕಟ್ಟಿದಾಗ. ಸಾಲವು ಮಗಳ ಹೆಸರಿನಲ್ಲಿ ಮಾತ್ರ ಇದ್ದು, ತಂದೆ ಅದರ ಬಡ್ಡಿ ಕಟ್ಟುತ್ತಿದ್ದರೆ, ತಂದೆಗೆ ಕಡಿತವಿಲ್ಲ; ಮಗಳು ತಾನಾಗಿ ಕಟ್ಟದಿರುವುದರಿಂದ ಅವಳಿಗೂ ಇಲ್ಲ. ಇಬ್ಬರಿಗೂ ಸಲ್ಲದೆ ಹೋಗುವ ಈ ನಷ್ಟವನ್ನು ಸಾಲದ ಅರ್ಜಿ ಬರೆಯುವಾಗಲೇ ತಪ್ಪಿಸಬಹುದು. ಬಡ್ಡಿ ಕಟ್ಟಲಿರುವವರು ಯಾರೋ ಅವರು ಸಹಸಾಲಗಾರರಾಗಿ ಸಾಲಪತ್ರದಲ್ಲಿ ಇರಬೇಕು.

ಈ ಕಡಿತಕ್ಕೆ ಮೊತ್ತದ ಮಿತಿಯಿಲ್ಲದಿದ್ದರೂ ಕಾಲದ ಮಿತಿಯಿದೆ. ತೆರಿಗೆದಾರರು ಬಡ್ಡಿ ಕಟ್ಟಲಾರಂಭಿಸಿದ ವರ್ಷವೂ ಸೇರಿ ಎಂಟು ವರ್ಷಗಳವರೆಗೆ, ಅಥವಾ ಬಡ್ಡಿ ಪೂರ್ಣವಾಗಿ ತೀರುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಅದು ದೊರೆಯುತ್ತದೆ. 2022-23ರಲ್ಲಿ ಮೊದಲ ಬಾರಿಗೆ ಬಡ್ಡಿ ಕಟ್ಟಿದವರಿಗೆ 2029-30 ಕೊನೆಯ ವರ್ಷ. ಬ್ಯಾಂಕುಗಳ ಶಿಕ್ಷಣ ಸಾಲಗಳಲ್ಲಿ ಮರುಪಾವತಿಯ ಅವಧಿ 15 ವರ್ಷದವರೆಗೂ ಇರುವುದುಂಟು. ಹಾಗಿದ್ದಲ್ಲಿ ಒಂಬತ್ತನೆಯ ವರ್ಷದಿಂದ ಬಡ್ಡಿ ಮುಂದುವರಿಯುತ್ತದೆ, ಕಡಿತ ಮುಂದುವರಿಯುವುದಿಲ್ಲ.

ವ್ಯಾಸಂಗದ ವರ್ಷಗಳಲ್ಲಿಯೇ ಬಡ್ಡಿ ಕಟ್ಟಬೇಕೇ ಬೇಡವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ನಾಲ್ಕು ವರ್ಷದ ಇಂಜಿನಿಯರಿಂಗ್ ವ್ಯಾಸಂಗದ ಮೊದಲ ವರ್ಷದಿಂದಲೇ ತಂದೆ ಬಡ್ಡಿ ಕಟ್ಟಿದರೆ, ಅವರ ಎಂಟು ವರ್ಷಗಳಲ್ಲಿ ನಾಲ್ಕು ಅಲ್ಲಿಯೇ ಕಳೆದುಹೋಗುತ್ತವೆ. ಕಟ್ಟದೆ ಬಿಟ್ಟರೆ ಬಡ್ಡಿಯು ಬೆಳೆದು ಸಾಲದ ಭಾರ ಹೆಚ್ಚುತ್ತದೆ. ತೆರಿಗೆಯ ಎಂಟು ವರ್ಷವನ್ನು ಉಳಿಸಿಕೊಳ್ಳುವುದಕ್ಕಾಗಿ ಬಡ್ಡಿಯನ್ನು ಬೆಳೆಯಗೊಡುವುದು ಸಾಮಾನ್ಯವಾಗಿ ವಿವೇಕವಲ್ಲ. ಏಕೆಂದರೆ ಉಳಿಯುವ ತೆರಿಗೆಯು ಬಡ್ಡಿಯ ಒಂದು ಭಾಗ ಮಾತ್ರ. ಬೆಳೆಯುವುದು ಪೂರ್ಣ ಬಡ್ಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಹಳೆಯ ಪದ್ಧತಿ ಮತ್ತು ಹೊಸ ಪದ್ಧತಿಗಳ ನಡುವಣ ಆಯ್ಕೆ. 2023-24ನೆಯ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಪದ್ಧತಿಯಾಗಿದೆ. ಹಳೆಯದು ಬೇಕೆನ್ನುವವರು ಅದನ್ನು ಆಯ್ದುಕೊಳ್ಳಬೇಕು. ಹೊಸ ಪದ್ಧತಿಯಲ್ಲಿ ದರಗಳು ಕಡಿಮೆ. ಆದರೆ ಬೋಧನಾ ಶುಲ್ಕದ ಕಡಿತವೂ ಇಲ್ಲ, ಶಿಕ್ಷಣ ಸಾಲದ ಬಡ್ಡಿಯ ಕಡಿತವೂ ಇಲ್ಲ. ಮೇಲೆ ವಿವರಿಸಿದ ಎರಡೂ ಸೌಲಭ್ಯಗಳು ಹಳೆಯ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ.

ಲೆಕ್ಕವೊಂದನ್ನು ನೋಡಿದರೆ ಇದರ ಪರಿಣಾಮ ತಿಳಿಯುತ್ತದೆ. 2025-26ನೆಯ ಹಣಕಾಸು ವರ್ಷದಲ್ಲಿ ಪುಣೆಯ ನೌಕರರೊಬ್ಬರಿಗೆ 11,00,000 ರೂಪಾಯಿ ವಾರ್ಷಿಕ ವೇತನವಿದೆ, ಬೇರೆ ಆದಾಯವಿಲ್ಲ. ಅವರು 80ಸಿ ಮಿತಿಯನ್ನು ಪೂರ್ಣವಾಗಿ ಬಳಸಿಕೊಂಡಿದ್ದಾರೆ. ಮಗನ ಶಿಕ್ಷಣ ಸಾಲಕ್ಕೆ 60,000 ರೂಪಾಯಿ ಬಡ್ಡಿ ಕಟ್ಟಿದ್ದಾರೆ. ಹಳೆಯ ಪದ್ಧತಿಯಲ್ಲಿ 50,000 ರೂಪಾಯಿ ಪ್ರಮಾಣಿತ ಕಡಿತವೂ ಸೇರಿ ಎಲ್ಲವನ್ನೂ ಕಳೆದರೆ ಉಳಿಯುವ ಆದಾಯ 8,40,000 ರೂಪಾಯಿ. ಅದರ ಮೇಲಿನ ತೆರಿಗೆ ಉಪಕರ ಸಹಿತ 83,720 ರೂಪಾಯಿ. ಹೊಸ ಪದ್ಧತಿಯಲ್ಲಿ 75,000 ರೂಪಾಯಿ ಪ್ರಮಾಣಿತ ಕಡಿತದ ನಂತರ ಆದಾಯ 10,25,000 ರೂಪಾಯಿ. ಹೊಸ ಪದ್ಧತಿಯಲ್ಲಿ 12,00,000 ರೂಪಾಯಿವರೆಗಿನ ಇಂತಹ ಆದಾಯಕ್ಕೆ ತೆರಿಗೆ ಮನ್ನಾ ಇರುವುದರಿಂದ ಅವರು ಕೊಡಬೇಕಾದ ತೆರಿಗೆ ಸೊನ್ನೆ. ಶಿಕ್ಷಣ ಸಾಲದ ಕಡಿತವನ್ನು ಕಳೆದುಕೊಳ್ಳಬಾರದೆಂದು ಅವರು ಹಳೆಯ ಪದ್ಧತಿಗೆ ಅಂಟಿಕೊಂಡರೆ, ಕಡಿತ ಪಡೆದ ಸಮಾಧಾನಕ್ಕೆ 83,720 ರೂಪಾಯಿ ದಂಡ ತೆತ್ತಂತಾಗುತ್ತದೆ.

ಎರಡನೆಯ ಉದಾಹರಣೆ ಮುಂಬಯಿಯದು. ಅದೇ ವರ್ಷ ವೇತನ 18,00,000 ರೂಪಾಯಿ. ನಿಯಮಾನುಸಾರ ಮನೆ ಬಾಡಿಗೆ ಭತ್ಯೆಯ ವಿನಾಯಿತಿ 3,00,000. 80ಸಿ ಕಡಿತ 1,50,000. ಶಿಕ್ಷಣ ಸಾಲದ ಬಡ್ಡಿ 2,00,000. ಪ್ರಮಾಣಿತ ಕಡಿತವನ್ನೂ ಕಳೆದರೆ ಹಳೆಯ ಪದ್ಧತಿಯಲ್ಲಿ ಆದಾಯ 11,00,000 ರೂಪಾಯಿ, ತೆರಿಗೆ ಉಪಕರ ಸಹಿತ 1,48,200 ರೂಪಾಯಿ. ಹೊಸ ಪದ್ಧತಿಯಲ್ಲಿ ಆದಾಯ 17,25,000, ತೆರಿಗೆ 1,50,800 ರೂಪಾಯಿ. ಇಲ್ಲಿ ಹಳೆಯ ಪದ್ಧತಿಯೇ ಮೇಲು; ಆದರೆ ವ್ಯತ್ಯಾಸ ಕೇವಲ 2,600 ರೂಪಾಯಿ. ಶೇಕಡ 30ರ ದರದಲ್ಲಿ 2,00,000 ರೂಪಾಯಿ ಬಡ್ಡಿಯಿಂದ 62,400 ರೂಪಾಯಿ ಉಳಿಯುತ್ತದೆಂದು ಯಾರಾದರೂ ಹೇಳಿದರೆ ಆ ಲೆಕ್ಕ ಹಳೆಯ ಪದ್ಧತಿಯೊಳಗೆ ಸರಿ. ಆದರೆ ಸಾಲವೇ ಇಲ್ಲದಿದ್ದರೆ ಈ ಕುಟುಂಬ ಹೊಸ ಪದ್ಧತಿಯಲ್ಲಿ 1,50,800 ರೂಪಾಯಿ ಕಟ್ಟುತ್ತಿತ್ತು. ಸಾಲದ ಬಡ್ಡಿಯಿಂದ ಅವರಿಗೆ ನಿಜವಾಗಿ ಉಳಿದದ್ದು 2,600 ರೂಪಾಯಿ ಮಾತ್ರ. ಎರಡು ಲಕ್ಷ ರೂಪಾಯಿ ಬಡ್ಡಿಯ ಎದುರಿಗೆ ಈ ಉಳಿತಾಯ ಎಷ್ಟರದು ಎಂಬುದನ್ನು ಪ್ರತಿಯೊಬ್ಬರೂ ಯೋಚಿಸಬೇಕು.

ಇದರಿಂದ ಹಳೆಯ ಪದ್ಧತಿ ಎಲ್ಲರಿಗೂ ನಿರುಪಯುಕ್ತವೆಂದು ತಿಳಿಯಬಾರದು. ಗೃಹಸಾಲದ ಬಡ್ಡಿ, ಮನೆ ಬಾಡಿಗೆ, ಆರೋಗ್ಯ ವಿಮೆ, ದೊಡ್ಡ ಮೊತ್ತದ ಶಿಕ್ಷಣ ಸಾಲ ಇವೆಲ್ಲ ಒಟ್ಟಿಗೆ ಇರುವವರಿಗೆ ಅದು ಗಣನೀಯ ಲಾಭ ಕೊಡಬಹುದು. ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದ ನೌಕರರು ಪ್ರತಿವರ್ಷವೂ ತಮಗೆ ಅನುಕೂಲವಾದ ಪದ್ಧತಿಯನ್ನು ಆಯ್ದುಕೊಳ್ಳಬಹುದು. ಆದರೆ ಹಳೆಯ ಪದ್ಧತಿ ಬೇಕಾದಲ್ಲಿ ಆದಾಯ ವಿವರಣೆಯನ್ನು ನಿಗದಿತ ದಿನಾಂಕದೊಳಗೆ ಸಲ್ಲಿಸತಕ್ಕದ್ದು. ಹೋಟೆಲು, ಅಂಗಡಿ ಮುಂತಾದ ಉದ್ಯಮ ನಡೆಸುವವರಿಗೆ ಈ ಸ್ವಾತಂತ್ರ್ಯ ಪ್ರತಿವರ್ಷವೂ ಇಲ್ಲ. ಅವರು ಹಳೆಯ ಪದ್ಧತಿಗೆ ಹೋದ ಮೇಲೆ ಹೊಸದಕ್ಕೆ ಮರಳುವ ಅವಕಾಶ ಒಂದೇ ಸಲ. ಆದುದರಿಂದ ಅವರು ಮುಂದಿನ ಹಲವು ವರ್ಷಗಳ ಲೆಕ್ಕವನ್ನು ಒಟ್ಟಿಗೆ ನೋಡಬೇಕಾಗುತ್ತದೆ.

ಎರಡೂ ಪದ್ಧತಿಗಳಲ್ಲಿ ದೊರೆಯುವ ಸೌಲಭ್ಯಗಳೂ ಇವೆ. ವ್ಯಾಸಂಗದ ವೆಚ್ಚಕ್ಕಾಗಿ ನೀಡಲಾದ ವಿದ್ಯಾರ್ಥಿವೇತನಕ್ಕೆ ತೆರಿಗೆಯಿಲ್ಲ. ಹೆಣ್ಣುಮಕ್ಕಳಿಗಾಗಿ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಯೋಜನೆಯಲ್ಲಿ ಬೆಳೆದ ಬಡ್ಡಿಗೂ ತೆರಿಗೆಯಿಲ್ಲ. ಹತ್ತು ವರ್ಷದೊಳಗಿನ ಮಗಳ ಹೆಸರಿನಲ್ಲಿ ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ಖಾತೆ ತೆರೆದು ವರ್ಷಕ್ಕೆ 250 ರೂಪಾಯಿಯಿಂದ 1,50,000 ರೂಪಾಯಿವರೆಗೆ ಕಟ್ಟಬಹುದು. ಮಗಳಿಗೆ ಹದಿನೆಂಟು ತುಂಬಿದ ಮೇಲೆ ಅಥವಾ ಹತ್ತನೆಯ ತರಗತಿ ಮುಗಿದ ಮೇಲೆ ಉನ್ನತ ವ್ಯಾಸಂಗಕ್ಕಾಗಿ ಖಾತೆಯ ಹಣದಲ್ಲಿ ಅರ್ಧದವರೆಗೆ ತೆಗೆಯಲು ಅವಕಾಶವಿದೆ. ಸಾಲದ ಬಡ್ಡಿಯಲ್ಲಿ ತೆರಿಗೆ ಉಳಿಸುವುದಕ್ಕಿಂತ ಸಾಲವನ್ನೇ ಕಡಿಮೆ ಮಾಡುವ ಮಾರ್ಗ ಇದು.

ತೆರಿಗೆ ವ್ಯಾಪ್ತಿಗೇ ಬಾರದ ಕುಟುಂಬಗಳಿಗೆ ಕಡಿತಗಳಿಂದ ಪ್ರಯೋಜನವಿಲ್ಲ. ಅವರಿಗೆ ಬೇಕಾದುದು ಬಡ್ಡಿಯ ಸಹಾಯಧನ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆ ನೀಡಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯ ಪ್ರಕಾರ, ಪಟ್ಟಿಯಲ್ಲಿರುವ ಗುಣಮಟ್ಟದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿಗಳಿಗೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ 8,00,000 ರೂಪಾಯಿವರೆಗೆ ಇದ್ದು, ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಬಡ್ಡಿ ಸಹಾಯ ಪಡೆಯದ ಅರ್ಹ ವಿದ್ಯಾರ್ಥಿಗಳಿಗೆ, 10,00,000 ರೂಪಾಯಿವರೆಗಿನ ಸಾಲದ ಮೇಲೆ ಮರುಪಾವತಿ ಆರಂಭವಾಗುವವರೆಗಿನ ಅವಧಿಯಲ್ಲಿ ಶೇಕಡ 3ರಷ್ಟು ಬಡ್ಡಿ ಸಹಾಯಧನ ನೀಡಲು ಅದರಲ್ಲಿ ಅವಕಾಶ ಕಲ್ಪಿಸಲಾಗಿದೆ.

ವಿದೇಶಕ್ಕೆ ಹಣ ಕಳುಹಿಸುವ ತಂದೆ-ತಾಯಿಗಳು ಗಮನಿಸಬೇಕಾದ ಅಂಶವೊಂದಿದೆ. ಶಿಕ್ಷಣಕ್ಕಾಗಿ ವರ್ಷಕ್ಕೆ 10,00,000 ರೂಪಾಯಿ ಮೀರಿ ಸ್ವಂತ ಹಣ ಕಳುಹಿಸುವಾಗ ಬ್ಯಾಂಕು ಒಂದಿಷ್ಟು ತೆರಿಗೆಯನ್ನು ಮುಂಚಿತವಾಗಿ ಸಂಗ್ರಹಿಸುತ್ತದೆ. ಅಂಗೀಕೃತ ಹಣಕಾಸು ಸಂಸ್ಥೆಯಿಂದ ಪಡೆದ ಶಿಕ್ಷಣ ಸಾಲದ ಹಣಕ್ಕೆ 2025ರ ಏಪ್ರಿಲ್ 1ರಿಂದ ಈ ಸಂಗ್ರಹವನ್ನು ಕೈಬಿಡಲಾಗಿದೆ. ಹೀಗೆ ಸಂಗ್ರಹಿಸಿದ ಹಣ ಹೆಚ್ಚುವರಿ ತೆರಿಗೆಯಲ್ಲ. ಆದಾಯ ವಿವರಣೆ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ಮರಳಿ ಪಡೆಯಬಹುದು.

ಕಾನೂನಿನ ಹೊಸ ರೂಪದ ಬಗೆಗೂ ತಿಳಿದಿರಬೇಕು. 1961ನೆಯ ಅಧಿನಿಯಮದ ಸ್ಥಾನದಲ್ಲಿ 2025ನೆಯ ಆದಾಯ ತೆರಿಗೆ ಅಧಿನಿಯಮವು 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ ರಚಿತವಾಗಿದೆ. ಅದರಲ್ಲಿ 80ಸಿ ಪ್ರಕರಣದ ವಿಷಯ 123ನೆಯ ಪ್ರಕರಣದಲ್ಲಿಯೂ, 80ಇ ಪ್ರಕರಣದ ವಿಷಯ 129ನೆಯ ಪ್ರಕರಣದಲ್ಲಿಯೂ ಇದೆ. ಸಂಖ್ಯೆ ಬದಲಾದ ಮಾತ್ರಕ್ಕೆ ಸೌಲಭ್ಯ ರದ್ದಾಯಿತೆಂದು ಯಾರೂ ಗಾಬರಿಪಡಬೇಕಾಗಿಲ್ಲ.

ಕೊನೆಯದಾಗಿ ದಾಖಲೆಗಳ ವಿಷಯ. ಬೋಧನಾ ಶುಲ್ಕದ ರಸೀದಿ, ಸಾಲ ಮಂಜೂರಾತಿ ಪತ್ರ, ವರ್ಷದಲ್ಲಿ ಕಟ್ಟಿದ ಬಡ್ಡಿ ಮತ್ತು ಅಸಲನ್ನು ಪ್ರತ್ಯೇಕವಾಗಿ ತೋರಿಸುವ ಬ್ಯಾಂಕಿನ ಪ್ರಮಾಣಪತ್ರ ಈ ಮೂರನ್ನೂ ವರ್ಷವಾರು ಕಡತದಲ್ಲಿ ಕಾದಿರಿಸಬೇಕು. ಕಟ್ಟದ ಶುಲ್ಕವನ್ನು ಕಟ್ಟಿದಂತೆ, ಇಲ್ಲದ ಸಾಲವನ್ನು ಇದ್ದಂತೆ ತೋರಿಸಿ ತೆರಿಗೆ ಮರುಪಾವತಿ ಕೊಡಿಸುವೆವೆಂದು ಆಸೆ ತೋರಿಸುವ ದಲ್ಲಾಳಿಗಳಿಂದ ದೂರವಿರಬೇಕು. ಸುಳ್ಳು ವಿವರ ನೀಡಿದ್ದು ಸಾಬೀತಾದರೆ ತಪ್ಪಿಸಿದ ತೆರಿಗೆಯ ಶೇಕಡ 200ರಷ್ಟು ದಂಡ ಬೀಳಬಹುದು. ಆ ದಂಡ ಬೀಳುವುದು ವಿವರಣೆಗೆ ಸಹಿ ಹಾಕಿದ ತೆರಿಗೆದಾರರ ಮೇಲೆ, ದಲ್ಲಾಳಿಯ ಮೇಲಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಶಿಕ್ಷಣ ಸಾಲಕ್ಕೂ ಅನ್ವಯಿಸುತ್ತದೆ. ತೆರಿಗೆಯ ರಿಯಾಯಿತಿಯಿಂದ ಹಾಸಿಗೆಯ ಅಳತೆ ಹಿಗ್ಗುವುದು ಅಂಗುಲದಷ್ಟು. ಅದನ್ನು ಮಾರುದ್ದವೆಂದು ಎಣಿಸಿ ಕಾಲು ಚಾಚಬಾರದು. ಯಾವ ಕಾಲೇಜು, ಯಾವ ವ್ಯಾಸಂಗ, ಎಷ್ಟು ಸಾಲ ಎಂಬುದನ್ನು ಮಗುವಿನ ಅಭಿರುಚಿ ಮತ್ತು ಕುಟುಂಬದ ಶಕ್ತಿ ನೋಡಿ ಮೊದಲು ನಿರ್ಧರಿಸಬೇಕು. ಅನಂತರ ಎರಡೂ ಪದ್ಧತಿಗಳ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು, ಕಡಿಮೆ ತೆರಿಗೆಯ ದಾರಿಯನ್ನು ಆರಿಸಿಕೊಳ್ಳಬೇಕು. ಕಾನೂನು ಕೊಟ್ಟಿರುವ ಸೌಲಭ್ಯವನ್ನು ತಿಳಿದು ಪಡೆಯುವುದು ಪ್ರತಿಯೊಬ್ಬ ನಾಗರಿಕನ ಹಕ್ಕು. ಅದಕ್ಕಾಗಿ ವರ್ಷಕ್ಕೊಮ್ಮೆ ಒಂದು ಸಂಜೆ ಲೆಕ್ಕದ ಮುಂದೆ ಕುಳಿತ ಕುಟುಂಬಕ್ಕೆ ಮೋಸಹೋಗುವ ಭಯವಿಲ್ಲ.